ಮರುಭೂಮಿಯ ಹಳದಿ ಹೂವು, ಮಲೆನಾಡಿನ ಕೈ
(ಬೀಜ ಸಂಗ್ರಹ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ವರ್ಷ ಕೆಲವು ತಿಂಗಳು ನಾನು ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್ ನಗರದಲ್ಲಿ ಮಗಳ ಮನೆಯಲ್ಲಿದ್ದೆ. ಅದು ಸೊನೋರಾ ಮರುಭೂಮಿಯ ಊರು. ಅಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 280 ಮಿಲಿಮೀಟರ್. ಆಗುಂಬೆಯಲ್ಲಿ ಮಳೆಗಾಲದ ಕೆಲವೇ ದಿನಗಳಲ್ಲಿ ಅಷ್ಟು ಸುರಿಯುತ್ತದೆ. ಅಂಥ ನೆಲದಲ್ಲಿ, ರಸ್ತೆಯಂಚಿನ ಗರಸುಮಣ್ಣಿನಲ್ಲಿ, ಮೊಣಕಾಲೆತ್ತರದ ಗಿಡವೊಂದು ಹಳದಿ ಹೂವನ್ನು ಹೊತ್ತು ನಿಂತಿರುವುದನ್ನು ದಿನವೂ ಕಾಣುತ್ತಿದ್ದೆ. ಅದನ್ನು ಡೆಸರ್ಟ್ ಮಾರಿಗೋಲ್ಡ್ ಎನ್ನುತ್ತಾರೆ. ಸಸ್ಯಶಾಸ್ತ್ರೀಯ ಹೆಸರು ಬೈಲೇಯಾ ಮಲ್ಟಿರೇಡಿಯೇಟಾ. ನಮ್ಮ ಚೆಂಡುಹೂವಿಗೂ ಇದಕ್ಕೂ ಇರುವುದು ದೂರದ ನೆಂಟಸ್ತಿಕೆ ಮಾತ್ರ: ಎರಡೂ ಸೂರ್ಯಕಾಂತಿಯ ಕುಟುಂಬದವು. ನಾವು ದೀಪಾವಳಿಗೆ ಮಾಲೆ ಕಟ್ಟುವ ಚೆಂಡುಹೂವಿನ ತವರೂ ಮೆಕ್ಸಿಕೋ ಎಂಬುದನ್ನು ಎಷ್ಟೋ ಜನ ಮರೆತಿದ್ದಾರೆ.

ಗುರುತಿಸುವಾಗ ಹೂವಿಗಿಂತ ಮೊದಲು ಎಲೆಯನ್ನು ನೋಡಬೇಕು. ಮರುಭೂಮಿಯಲ್ಲಿ ಹಳದಿ ಹೂಗಳಿಗೆ ಬರವಿಲ್ಲ. ಇದರ ಎಲೆ ಬೂದಿ ಬಳಿದಂತೆ ಬೆಳ್ಳಗಿರುತ್ತದೆ. ಮುಟ್ಟಿದರೆ ಉಣ್ಣೆಯ ಸ್ಪರ್ಶ. ಆ ರೋಮಗಳೇ ಬಿಸಿಲನ್ನು ಹಿಂದಕ್ಕೆ ತಳ್ಳಿ, ಎಲೆಯ ನೀರು ಆರಿಹೋಗದಂತೆ ಕಾಯುತ್ತವೆ. ಎಲೆಗಳೆಲ್ಲ ಬುಡದ ಬಳಿಯಲ್ಲೇ ಗುಂಪಾಗಿದ್ದು, ಮೇಲೆ ಬರಿಯ ನೀಳ ತೊಟ್ಟು, ಅದರ ತುದಿಗೆ ಒಂದೇ ಹೂವು. ಎಸಳುಗಳು ಒತ್ತೊತ್ತಾಗಿ ಪದರಗಟ್ಟಿರುತ್ತವೆ. ಪ್ರತಿ ಎಸಳಿನ ತುದಿಯಲ್ಲಿ ಮೂರು ಪುಟ್ಟ ಹಲ್ಲುಗಳು. ಇದೇ ಜಾತಿಯ ಇನ್ನೊಂದು ಪ್ರಭೇದದಲ್ಲಿ ಎಲೆಗಳು ಕಾಂಡದುದ್ದಕ್ಕೂ ಏರುತ್ತವೆ, ತೊಟ್ಟು ಗಿಡ್ಡ. ಬಾಡಿದ ಎಸಳುಗಳು ಬೇಗನೆ ಉದುರದೆ, ಕಾಗದದಂತೆ ಬಿಳಿಚಿ ಕೆಳಗೆ ಬಾಗಿ ಉಳಿಯುವುದು ಮತ್ತೊಂದು ಗುರುತು.

ಇನ್ನು ಬೆಳೆಸುವ ವಿಚಾರ. ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಮಗಳ ಅಂಗಳದಲ್ಲಿ ಆರು ಗಿಡಗಳಿದ್ದವು. ಬಿಸಿಲಿಗೆ ಬಾಡುತ್ತವೆಂದು ಮರುಗಿ, ಸಂಜೆ ಸಂಜೆ ನೀರೆರೆದೆ. ತೆಂಗಿಗೂ ಅಡಿಕೆಗೂ ನೀರು ಹಾಯಿಸಿದ ಕೈಯಿದು! ಮೂರು ವಾರ ಕಳೆಯುವಷ್ಟರಲ್ಲಿ ನಾಲ್ಕು ಗಿಡಗಳ ಬುಡ ಕೊಳೆತುಹೋಯಿತು. “ಅಪ್ಪಾ, ಅವುಗಳನ್ನು ಅವುಗಳ ಪಾಡಿಗೆ ಬಿಡಿ” ಎಂದಳು ಮಗಳು. ಉಳಿದೆರಡು ಹಾಗೆ ಬಿಟ್ಟಿದ್ದರಿಂದಲೇ ಬದುಕಿದವು.

ಅಲ್ಲಿನವರು ಒಣಗಿದ ಹೂತಲೆಯಿಂದ ಬೀಜ ಉದುರಿಸಿ, ಶರತ್ಕಾಲದಲ್ಲಿ ನೀರು ನಿಲ್ಲದ ಮರಳುಮಣ್ಣಿನ ಮೇಲೆ ಚೆಲ್ಲಿ, ತೆಳುವಾಗಿ ಮಣ್ಣೆಳೆಯುತ್ತಾರೆ. ಸಸಿ ಬೇರೂರುವವರೆಗೆ ಮಾತ್ರ ಹದವರಿತು ನೀರು. ದಿನವಿಡೀ ಬಿಸಿಲು ಬೇಕು, ಗೊಬ್ಬರ ಬೇಡ. ಗಿಡದ ಆಯುಷ್ಯ ಕಡಿಮೆ. ಆದರೆ ಬೀಜ ತಾನೇ ಉದುರಿ ಮರುಹುಟ್ಟು ನಡೆಯುತ್ತದೆ. ಮೇವು ಸವೆದ ನೆಲದಲ್ಲಿ ಇದನ್ನು ಹೆಚ್ಚಾಗಿ ತಿಂದ ಕುರಿ, ಮೇಕೆಗಳಿಗೆ ವಿಷವೇರುವುದುಂಟು.

ಹೊರಡುವ ಮುನ್ನ ನಮ್ಮ ಶಾಲೆಯ ಹುಡುಗಿಯೊಬ್ಬಳು ಬೀಜ ತರಲು ಹೇಳಿದ್ದಳು. ಮಗಳು ಪೊಟ್ಟಣ ಕಟ್ಟಿಯೂ ಇಟ್ಟಿದ್ದಳು. ನಾನು ತರಲಿಲ್ಲ. ಪರದೇಶದ ಬೀಜಕ್ಕೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರಗಳಿರಬೇಕೆಂದು 2003ರ ಸಸ್ಯ ಸಂಪರ್ಕನಿರೋಧ ಆದೇಶ ಹೇಳುತ್ತದೆ. ಅದೊಂದು ಕಾರಣ. ಇನ್ನೊಂದನ್ನು ನಾನು ಕಣ್ಣಾರೆ ಕಂಡೆ. ನಮ್ಮ ದೇಶದ ಒಣನಾಡುಗಳಲ್ಲಿ ದನಕರು ಮೇಯುವ ಅಂಜನ್ ಹುಲ್ಲು ಆಫ್ರಿಕದಲ್ಲೂ ಸಹಜವಾಗಿ ಬೆಳೆಯುವಂಥದ್ದು. 1930ರ ದಶಕದಲ್ಲಿ ಅದನ್ನು ಮೇವಿಗೂ ಮಣ್ಣು ಹಿಡಿಯಲಿಕ್ಕೂ ಅರಿಝೋನಾಕ್ಕೆ ತಂದರು. ಇಂದು ಅದು ಗುಡ್ಡಗುಡ್ಡಗಳನ್ನೇ ಆವರಿಸಿ, ಒಣಗಿ, ಬೆಂಕಿಗೆ ಹಾಸಿಗೆಯಾಗಿದೆ. ಬೆಂಕಿಯನ್ನರಿಯದ ಅಲ್ಲಿನ ಸಗ್ವಾರೊ ಕಳ್ಳಿಗಳು ಅದರಿಂದ ಸಾಯುತ್ತವೆ. ಸ್ವಯಂಸೇವಕರು ಗುದ್ದಲಿ ಹಿಡಿದು ಅದನ್ನು ಕೀಳುತ್ತಿದ್ದರು. ಒಂದು ದಿನ ನಾನೂ ಕಿತ್ತೆ.

ಮೇಲಾಗಿ, ಅದೇ ಸೂರ್ಯಕಾಂತಿ ಕುಟುಂಬದ ಪಾರ್ಥೇನಿಯಂ ಅಮೆರಿಕ ಖಂಡದಿಂದ ಬಂದು ನಮ್ಮ ಹೊಲಗಳಿಗೆ ಮಾಡಿದ್ದನ್ನು ನಿಮಗೆ ಹೇಳಬೇಕಿಲ್ಲ. ಈ ಹಳದಿ ಹೂವು ನಮ್ಮ ಮಳೆಗಾಲವನ್ನು ದಾಟಲಾರದು, ಬಹುಶಃ. ಆ “ಬಹುಶಃ” ಎಂಬುದರ ಮೇಲೆ ಪೊಟ್ಟಣ ಬಿಚ್ಚುವ ಧೈರ್ಯ ನನಗಿಲ್ಲ.

ಹುಡುಗಿಗೆ ಬೇಸರವಾಗಿದೆ, ನಿಜ. ಆಕೆಗಾಗಿ ಛಾಯಾಚಿತ್ರಗಳನ್ನು ತಂದಿದ್ದೇನೆ. ಎಲೆಯ ರೋಮ ಸ್ಪಷ್ಟವಾಗಿ ಕಾಣುವಂತೆ ಹತ್ತಿರದಿಂದ ತೆಗೆದವು. ಚಹಾದ ನಂತರ ಎಲ್ಲರೂ ನೋಡಬಹುದು.