ಹೊಗೆಗೆ ಮದ್ದು ಜಕ್ಕೂರಿನಲ್ಲಿದೆ, ಕನ್ನಡದಲ್ಲಿ ಯಾಕಿಲ್ಲ?

(ರಾಮನಗರದಲ್ಲಿ ಕನ್ನಡ ಯುವಜನರ ಮುಂದೆ ಆಡಿದ ಮಾತುಗಳ ಬರಹರೂಪ)



ನಾಮಫಲಕ, ಬ್ಯಾಂಕು, ರೈಲ್ವೆ ಪರೀಕ್ಷೆ ಎಂದು ಗುಡುಗುತ್ತೇನೆ ಅಂದುಕೊಂಡು ನೀವು ಬಂದಿದ್ದರೆ ಕ್ಷಮಿಸಿ. ಇವತ್ತು ನಾನು ಹೊಗೆಯ ವಿಚಾರ ಮಾತಾಡಲು ಬಂದಿದ್ದೇನೆ. ಕೊನೆಗೆ ಮಾತು ನುಡಿಯ ಬಾಗಿಲಿಗೇ ಬಂದು ನಿಲ್ಲುತ್ತದೆ, ಹೆದರಬೇಡಿ.

ಈ ಊರು 2007ರಲ್ಲಿ ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಹೆಸರು ಬದಲಾಯಿತು, ಹೊಗೆ ಬದಲಾಗಲಿಲ್ಲ. 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾಗಿ ಬಿಡದಿ, ರಾಮನಗರ, ಚನ್ನಪಟ್ಟಣಗಳ ಪಕ್ಕದಲ್ಲೇ ಗಾಡಿಗಳು ಹಾರಿಹೋಗತೊಡಗಿದವು. ಊರೊಳಗಿನ ಹೊಗೆ ಹೊಲಗಳ ಕಡೆಗೆ ವರ್ಗವಾಯಿತು, ಅಷ್ಟೆ!

ಆ ಹೊಗೆಯಲ್ಲಿ ಏನಿದೆ? ಇಂಗಾಲದ ಮಾನಾಕ್ಸೈಡ್, ಸಾರಜನಕದ ಆಕ್ಸೈಡುಗಳು, ಪೂರ್ತಿ ಉರಿಯದ ಪೆಟ್ರೋಲಿನ ಅಂಶ. ಮೊದಲನೆಯದಕ್ಕೆ ಇನ್ನೊಂದು ಆಮ್ಲಜನಕದ ಪರಮಾಣು ಸಿಕ್ಕಿದರೆ ಅದು ನೇರವಾಗಿ ವಿಷವಾಗಿ ಉಳಿಯುವುದಿಲ್ಲ. ಎರಡನೆಯದರಿಂದ ಆಮ್ಲಜನಕ ಕಿತ್ತರೆ ನಾವು ಉಸಿರಾಡುವ ಗಾಳಿಯ ಸಾರಜನಕವೇ ಆಗುತ್ತದೆ. ಒಬ್ಬರ ಬೇಡದ್ದು ಇನ್ನೊಬ್ಬರಿಗೆ ಬೇಕು. ಆದರೂ ಈ ಕೊಡುಕೊಳ್ಳುವಿಕೆ ತಾನಾಗಿ ನಡೆಯುವುದಿಲ್ಲ, ನಡುವೆ ರಾಮದೇವರ ಬೆಟ್ಟದಂಥ ದಿಣ್ಣೆಯಿದೆ. ಬೆಟ್ಟ ಹತ್ತಿ ಇಳಿಯುವ ಬದಲು ಬುಡದಲ್ಲೇ ದಾರಿ ತೋರಿಸಿ, ತಾನು ಮಾತ್ರ ಖರ್ಚಾಗದೆ ಉಳಿಯುವ ವಸ್ತುವೇ ವೇಗವರ್ಧಕ. ಕೆಲವರು ಕ್ರಿಯಾವರ್ಧಕ ಎನ್ನುತ್ತಾರೆ. ಎರಡೂ ಸಂಸ್ಕೃತವಲ್ಲವೇ ಎಂದು ಅಲ್ಲಿ ಹಿಂದೆ ಕೂತವರು ಗೊಣಗುತ್ತಿದ್ದಾರೆ. ಜಗಳ ಆಮೇಲೆ ಆಡೋಣ, ಮೊದಲು ಬಳಸೋಣ.

ಕಾರಿನ ಹೊಗೆ ಕೊಳವೆಯಲ್ಲಿ ಒಂದು ಡಬ್ಬಿ ಇರುತ್ತದಲ್ಲ, ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಅತಿ ಸಣ್ಣ ಕಣಗಳಿವೆ. 1995ರಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಈ ಡಬ್ಬಿ ಕಡ್ಡಾಯ ಎಂದು ದಿಲ್ಲಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳಿಗೆ ಆದೇಶವಾಯಿತು. ಬೆಂಗಳೂರು ಆ ಮೊದಲ ಪಟ್ಟಿಯಲ್ಲಿರಲಿಲ್ಲ. ನಮ್ಮ ಶ್ವಾಸಕೋಶಕ್ಕೆ ಎರಡನೆಯ ಸಾಲು!

ಕಣ ಸಣ್ಣದೇ ಯಾಕಿರಬೇಕು? ಕೆಲಸ ನಡೆಯುವುದು ಮೈಮೇಲೆ, ಹೊಟ್ಟೆಯೊಳಗಲ್ಲ. 55 ಪರಮಾಣುಗಳ ಒಂದು ಉಂಡೆಯನ್ನು ಒತ್ತೊತ್ತಾಗಿ ಕಟ್ಟಿದರೆ 42 ಹೊರಗಿರುತ್ತವೆ, 13 ಮಾತ್ರ ಒಳಗೆ. ದೊಡ್ಡ ಗಟ್ಟಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಳಗೇ ಹೂತುಹೋಗಿ ದಂಡ. ಇಲ್ಲಿಯ ರೇಷ್ಮೆಗೂಡಿನ ಒಂದೇ ಎಳೆಯ ಅಡ್ಡಗಲಕ್ಕೆ ಮೂರು ನ್ಯಾನೊಮೀಟರಿನ ಕಣಗಳನ್ನು ಸಾಲಾಗಿ ನಿಲ್ಲಿಸಿದರೆ ಮೂರು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ಆ ಗಾತ್ರಕ್ಕೆ ಇಳಿದಾಗ ಲೋಹದ ಗುಣವೇ ಬದಲಾಗುತ್ತದೆ. ಕೋಲಾರದ ಆಳದಿಂದ ತೆಗೆದ ಚಿನ್ನ ಯಾವುದಕ್ಕೂ ಜಗ್ಗದ ಸೋಮಾರಿ ಲೋಹವಲ್ಲವೇ? ಅದೇ ಚಿನ್ನದ ನ್ಯಾನೊ ಕಣಗಳು ಮಂಜುಗಡ್ಡೆಯ ಚಳಿಗಿಂತ ಕೆಳಗೂ ಮಾನಾಕ್ಸೈಡನ್ನು ಉರಿಸುತ್ತವೆಂದು ಜಪಾನಿನ ಹರುತ 1980ರ ದಶಕದಲ್ಲಿ ತೋರಿಸಿದರು.

ಹಾಗಾದರೆ ಯಾವ ಲೋಹ, ಎಷ್ಟು ಪರಮಾಣು, ಯಾವುದರ ಮೇಲೆ ಕೂರಿಸಬೇಕು? ಪಲ್ಲಾಡಿಯಂ ಕೊಂಡು ಒಂದೊಂದನ್ನೂ ಪರೀಕ್ಷಿಸಿದರೆ ಮನೆ ಮಾರಬೇಕಾಗುತ್ತದೆ. ಇಲ್ಲಿ ಬರುತ್ತದೆ ಕಂಪ್ಯೂಟರು. ಎಲ್ಲ ಎಲೆಕ್ಟ್ರಾನುಗಳ ಲೆಕ್ಕವನ್ನು ಒಂದೊಂದಾಗಿ ಇಡುವುದು ಆಗದ ಮಾತು. ಅವುಗಳ ಒಟ್ಟು ದಟ್ಟಣೆ ಗೊತ್ತಾದರೆ ಸಾಕು ಎಂದು 1964-65ರಲ್ಲಿ ವಾಲ್ಟರ್ ಕೋನ್ ಮತ್ತು ಸಂಗಡಿಗರು ತೋರಿಸಿದರು. ಕೋನ್‌ಗೆ 1998ರಲ್ಲಿ ನೊಬೆಲ್ ಬಂತು. ಆ ದಾರಿ ಹಿಡಿದು, ಕಂಪ್ಯೂಟರಿನೊಳಗೆ ಕಣ ಕಟ್ಟಿ, ಅನಿಲದ ಅಣುವನ್ನು ಮೆಲ್ಲಗೆ ಹತ್ತಿರ ತಂದು, ಹೆಜ್ಜೆ ಹೆಜ್ಜೆಗೂ ಶಕ್ತಿ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಅತಿ ಎತ್ತರದ ಹೆಜ್ಜೆಯೇ ನಮ್ಮ ಬೆಟ್ಟದ ತುದಿ.

ಲೆಕ್ಕ ಹೇಳುವ ಮುಖ್ಯ ಗುಟ್ಟು ಇದು: ಲೋಹ ಅಣುವನ್ನು ಹಿಡಿಯಲೂ ಬೇಕು, ಬಿಡಲೂ ಬೇಕು. ಇಲ್ಲಿಯ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾದ ಗೂಡನ್ನು ಎತ್ತದೆ ಬಿಟ್ಟರೆ ಮುಂದಿನ ರೈತನಿಗೆ ಜಾಗವೆಲ್ಲಿ? ಮಾನಾಕ್ಸೈಡನ್ನು ಬಿಗಿಯಾಗಿ ಅಪ್ಪಿದ ಲೋಹದ್ದೂ ಅದೇ ಪಾಡು.

ಇದೆಲ್ಲ ಜರ್ಮನಿಯ ಕತೆಯಲ್ಲ. ಇಲ್ಲಿಂದ ಐವತ್ತು ಕಿಲೋಮೀಟರು ಆಚೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗಡೆಯವರು ಬೇರೆಯೇ ದಾರಿ ಹಿಡಿದರು. ಲೋಹದ ಕಣವನ್ನು ಮೇಲೆ ಕೂರಿಸುವ ಬದಲು ಸೀರಿಯಂ ಆಕ್ಸೈಡಿನ ಒಡಲಲ್ಲೇ ನೂರಕ್ಕೆ ಒಂದೆರಡರಂತೆ ಪಲ್ಲಾಡಿಯಂ ಅಯಾನುಗಳನ್ನು ಬೆರೆಸಿದರು. ಒಂದೊಂದು ಅಯಾನೂ ದುಡಿಯುತ್ತದೆ, ದುಬಾರಿ ಲೋಹ ಉಳಿಯುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಉಮೇಶ್ ವಾಘಮಾರೆಯವರ ತಂಡ ಹೆಗಡೆಯವರ ತಂಡದೊಡನೆ ಸೇರಿ 2006ರಲ್ಲಿ ಲೆಕ್ಕ ಕಟ್ಟಿತು. ಸೀರಿಯಂ ಆಕ್ಸೈಡಿಗೆ ಟೈಟಾನಿಯಂ ಬೆರೆಸಿದಾಗ ಕೆಲವು ಆಮ್ಲಜನಕಗಳ ಬಂಧ ಉದ್ದವಾಗಿ ಸಡಿಲವಾಗುತ್ತದೆ, ಅವೇ ಬೇಗ ಬಿಟ್ಟುಬಂದು ವಿಷಾನಿಲವನ್ನು ಉರಿಸುತ್ತವೆ ಎಂದು ತೋರಿಸಿತು.

ಲೆಕ್ಕವೇ ದೇವರೆಂದು ನಾನು ಹೇಳುತ್ತಿಲ್ಲ. ಕಂಪ್ಯೂಟರಿನ ಕಣ ಮಡಿ ಉಟ್ಟ ಕಣ. ನಿಜದ ಕೊಳವೆಯಲ್ಲಿ ಗಂಧಕವಿದೆ, ನೀರಾವಿಯಿದೆ, ಕಾವಿಗೆ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ. ಲೆಕ್ಕಕ್ಕೂ ಕೊಳವೆಗೂ ನಡುವೆ ಇನ್ನೂ ತುಂಬ ಕೆಲಸ ಬಾಕಿಯಿದೆ, ಅದನ್ನು ನಿಮ್ಮ ವಯಸ್ಸಿನವರೇ ಮಾಡಬೇಕು.

ಈಗ ಜಗಳಕ್ಕೆ ಬರೋಣ. ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಕನ್ನಡಕ್ಕೆ ದಕ್ಕದ್ದು ಯಾವುದು? 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಎಂಬ ಮಾಸಪತ್ರಿಕೆ ನಡೆಸಿದ ನುಡಿ ಇದು. ವೈದ್ಯಕೀಯದ ನೀಟ್ ಪ್ರಶ್ನೆಪತ್ರಿಕೆ 2017ರಿಂದ, ಎಂಜಿನಿಯರಿಂಗಿನ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಬಂತು. ಹೋರಾಡಿದವರಿಗೆ ನಮಸ್ಕಾರ. ಆದರೆ ಪ್ರಶ್ನೆ ಕನ್ನಡದಲ್ಲಿ ಕೊಟ್ಟು ಪಾಠ ಇಂಗ್ಲಿಷಿನಲ್ಲಿ ಮಾಡಿದರೆ ಏನು ಬಂತು? ಮಾಗಡಿಯ, ಕನಕಪುರದ ಹಳ್ಳಿಯಲ್ಲಿ ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದ ಜಾಣೆ, ಪಿಯುಸಿ ವಿಜ್ಞಾನದ ಮೊದಲ ವಾರದಲ್ಲೇ ತಾನು ದಡ್ಡಿ ಎಂದುಕೊಂಡು ಕಲಾ ವಿಭಾಗಕ್ಕೆ ನಡೆಯುತ್ತಾಳೆ. ಜಕ್ಕೂರಿಗೆ ಹೋಗಬಹುದಾಗಿದ್ದವಳು ಅವಳೇ ಇರಬಹುದು.

ನಗರದಲ್ಲಿ ಓದಿದ ನಿಮಗೆ ಎರಡು ನುಡಿಯೂ ಗೊತ್ತು, ಕಂಪ್ಯೂಟರೂ ಗೊತ್ತು. ಈ ಲೆಕ್ಕ ಮಾಡುವ 'ಕ್ವಾಂಟಮ್ ಎಸ್ಪ್ರೆಸೊ' ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ನಾಲ್ಕಾರು ಪರಮಾಣುಗಳ ಲೆಕ್ಕವನ್ನು ಮನೆಯ ಕಂಪ್ಯೂಟರಿನಲ್ಲೇ ಓಡಿಸಬಹುದು. ಓಡಿಸಿ, ಹೇಗೆ ಓಡಿಸಿದಿರೆಂದು ಕನ್ನಡದಲ್ಲಿ ಬರೆಯಿರಿ. ಅದನ್ನು ಆ ಹುಡುಗಿಯ ಶಾಲೆಗೆ ತಲುಪಿಸುವ ಕೆಲಸ ನಮ್ಮದು.

ನನ್ನ ಮಾತು ಇಷ್ಟೇ. ಇನ್ನು ಪ್ರಶ್ನೆ ಕೇಳಿ. ಮೊದಲು ಆ ಹಿಂದಿನ ಸಾಲಿನವರು ಕೇಳಲಿ.