ತಪಾಸಣೆ ಮುಗಿಯುವುದು ಫಲಿತಾಂಶ ತಿಳಿದ ಮೇಲೆ

(ಕೊಡೇಕಲ್‌ನಲ್ಲಿ ಮಾಡಿದ ಭಾಷಣದ ಬರಹ ರೂಪ)



ಆರೋಗ್ಯ ಶಿಬಿರ ಮುಗಿದ ಮರುದಿನ ನಾವು ಕೇಳುವ ಪ್ರಶ್ನೆ ಒಂದೇ: ಎಷ್ಟು ಮಂದಿ ಬಂದಿದ್ದರು? ಬಂದವರು ಮುಂದೆ ಏನಾದರು ಎಂದು ನಾವು ಕೇಳುವುದಿಲ್ಲ. ಸ್ತನ ಕ್ಯಾನ್ಸರ್‌ನ ವಿಷಯದಲ್ಲಿ ಜೀವ ಉಳಿಸುವುದು ಈ ಎರಡನೆಯ ಪ್ರಶ್ನೆಯೇ.

ಮ್ಯಾಮೋಗ್ರಫಿ ಎಂದರೆ ಸ್ತನದ ಕ್ಷ-ಕಿರಣ ಚಿತ್ರ. ಕೈಗೆ ಸಿಗದ ಸಣ್ಣ ಗಂಟನ್ನೂ ಅದು ತೋರಿಸಬಲ್ಲದು. ಆದರೆ ಅದು ತಪ್ಪುವುದೂ ಉಂಟು. ಆರೋಗ್ಯವಂತ ಮಹಿಳೆಯಲ್ಲಿ ರೋಗದ ಶಂಕೆ ಮೂಡಿಸಬಹುದು. ಇರುವ ರೋಗವನ್ನು ಕಾಣದೆ ಬಿಡಲೂಬಹುದು. ಮರುತಪಾಸಣೆಗೆ ಕರೆದವರಲ್ಲಿ ಎಷ್ಟು ಮಂದಿ ಬಂದರು, ಬಯಾಪ್ಸಿಯಲ್ಲಿ ಏನು ಕಂಡುಬಂತು, 'ಏನೂ ಇಲ್ಲ' ಎನಿಸಿಕೊಂಡವರಲ್ಲಿ ಅನಂತರ ಯಾರಿಗಾದರೂ ರೋಗ ಕಾಣಿಸಿತೇ? ಈ ಲೆಕ್ಕವಿಟ್ಟಾಗ ಮಾತ್ರ ವೈದ್ಯರಿಗೆ ತಮ್ಮ ತಪ್ಪು ತಿಳಿಯುತ್ತದೆ, ಮುಂದಿನ ತಪಾಸಣೆ ಸುಧಾರಿಸುತ್ತದೆ. ಅಮೆರಿಕದಲ್ಲಿ 1992ರ ಕಾನೂನಿನಡಿ ಮ್ಯಾಮೋಗ್ರಫಿ ಕೇಂದ್ರಗಳು ಶಂಕಿತ ಪ್ರಕರಣಗಳ ಫಲಿತಾಂಶವನ್ನು ಬಯಾಪ್ಸಿ ವರದಿಯೊಂದಿಗೆ ತಾಳೆ ನೋಡಲೇಬೇಕು.

ನಮ್ಮ ದೇಶದಲ್ಲೂ ಉದಾಹರಣೆಯಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದೂವರೆ ಲಕ್ಷ ಮಹಿಳೆಯರ ಅಧ್ಯಯನ ಆರಂಭಿಸಿದರು. ಅವರಲ್ಲಿ ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಯಂತ್ರವಿಲ್ಲದೆ ಕೈಯಿಂದಲೇ ಪರೀಕ್ಷಿಸಿದರು. ಇಪ್ಪತ್ತು ವರ್ಷಗಳ ಲೆಕ್ಕ 2021ರಲ್ಲಿ ಪ್ರಕಟವಾಯಿತು: ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು, ಕಿರಿಯರಲ್ಲಿ ಆ ಲಾಭ ಕಾಣಲಿಲ್ಲ. ಅಷ್ಟು ವರ್ಷ ಬೆನ್ನು ಹತ್ತದಿದ್ದರೆ ಈ ಸತ್ಯ ತಿಳಿಯುತ್ತಿರಲಿಲ್ಲ.

ಕೇಂದ್ರ ಸರಕಾರದ 2016ರ ಮಾರ್ಗಸೂಚಿಯು 30ರಿಂದ 65 ವಯಸ್ಸಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಇಂಥ ಕೈಪರೀಕ್ಷೆಯನ್ನು ಹೇಳುತ್ತದೆ. ಆದರೆ ಶಂಕೆ ಬಂದ ಮೇಲೆ? ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಕೇಂದ್ರ ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಬಸ್ಸಿನ ಖರ್ಚು, ತಪ್ಪುವ ಕೂಲಿ, ಗಂಡಸು ವೈದ್ಯರಿದ್ದಾರೆಂಬ ಸಂಕೋಚ, 'ಮಗಳ ಮದುವೆ ಮುಗಿಯಲಿ' ಎಂಬ ಮುಂದೂಡಿಕೆ. ನೂಲು ಹರಿಯುವುದು ಇಲ್ಲಿಯೇ.

ಆದ್ದರಿಂದ ಶಿಬಿರ ನಡೆಸುವ ನಾವು ಒಂದು ದಾಖಲೆ ಪುಸ್ತಕವನ್ನಿಡೋಣ. ಮರುತಪಾಸಣೆಗೆ ಹೇಳಿಸಿಕೊಂಡ ಪ್ರತಿಯೊಬ್ಬರ ಹೆಸರಿನ ಮುಂದೆ ಫಲಿತಾಂಶ ಬರೆಯುವವರೆಗೆ ಆ ಪುಟವನ್ನು ಮುಚ್ಚದಿರೋಣ. ಅದು ಒಬ್ಬ ವಿಶ್ವಾಸಾರ್ಹ ಮಹಿಳೆಯ ಬಳಿಯೇ ಇರಲಿ, ಊರ ಬಾಯಿಗೆ ಬೀಳದಿರಲಿ. ಜೊತೆಗೆ ಹೋಗುವವರಿಲ್ಲದವರೊಂದಿಗೆ ನಮ್ಮ ಸಹೋದರಿಯರಲ್ಲೊಬ್ಬರು ಬಸ್ಸು ಹತ್ತಲಿ. ಮನೆಯ ಗಂಡಸರು ಹಳೆಯ ಚಿತ್ರ, ವರದಿಗಳನ್ನು ಜಮೀನಿನ ಪತ್ರಗಳಷ್ಟೇ ಜೋಪಾನವಾಗಿ ಕಾಪಾಡಲಿ. ಮುಂದಿನ ಶಿಬಿರದ ದಿನಾಂಕವನ್ನು ನಿಗದಿ ಮಾಡುವ ಮೊದಲು ಹಿಂದಿನ ಶಿಬಿರದ ಲೆಕ್ಕ ಒಪ್ಪಿಸೋಣ.