ಸ್ಪಾಯ್ಲರ್ ಬಿಚ್ಚಿದ ಮೇಲೆ ಉಳಿದ ನಾಲ್ಕು ತೂತು

ಯಡಿಯೂರು ಕೆರೆ ಹತ್ರದ ನಮ್ಮನೆ ಮಹಡಿಯಿಂದ ಮಾತಾಡ್ತಿದೀನಿ. ಹಿಂದೆ ಹಾರ್ನ್ ಸದ್ದು ಬಂದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಅಪ್ಪನ 2006ರ ಮಾರುತಿ ಎಸ್ಟೀಮ್ ಮಾರ್ತಿದೀವಿ. ತಗೊಳ್ತಿರೋನು ನಮ್ಮ ರಸ್ತೆಯ ಹುಡುಗನೇ, ಅವರ ಮನೆಗೆ ಇದು ಮೊದಲನೇ ಕಾರು. ಅವನದ್ದು ಒಂದೇ ಮಾತು: "ಅಣ್ಣ, ಡಿಕ್ಕಿ ಮೇಲಿರೋ ಸ್ಪಾಯ್ಲರ್ ಮಾತ್ರ ತೆಗೆಸಿಕೊಡಿ." ನ್ಯಾಯವೇ. ಜೋರಾಗಿ ಓಡುವಾಗ ಕಾರಿನ ಹಿಂಭಾಗವನ್ನ ಗಾಳಿ ಮೇಲೆತ್ತದ ಹಾಗೆ ನೋಡ್ಕೊಳ್ಳೋದು ಸ್ಪಾಯ್ಲರ್ ಕೆಲಸ. ಸೌತ್ ಎಂಡ್ ಸರ್ಕಲ್‌ನಲ್ಲಿ ಸೆಕೆಂಡ್ ಗೇರ್ ಬಿದ್ರೇ ಪುಣ್ಯ ಅನ್ನೋ ನಮಗೆ ಅದು ಬರೀ ಶೋಕಿ.

ಬಿಚ್ಚೋದು ಕಷ್ಟ ಇಲ್ಲ. ಡಿಕ್ಕಿ ಒಳಗಿಂದ ನಟ್ಟು ತೆಗೀಬೇಕು. ಕೆಳಗೆ ಟೇಪ್ ಅಂಟಿಸಿದ್ರೆ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ಮೀನಿನ ಗಾಳಕ್ಕೆ ಕಟ್ಟೋ ನೈಲಾನ್ ದಾರವನ್ನ ಗರಗಸದ ಹಾಗೆ ಆಡಿಸಿದ್ರೆ ಬಿಟ್ಕೊಳ್ಳುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ತಗಡು ಬಾಗುತ್ತೆ.

ಕಥೆ ಶುರುವಾಗೋದು ಆಮೇಲೆ. ನಮ್ಮ ಡಿಕ್ಕಿಯಲ್ಲಿ ನಾಲ್ಕು ತೂತು. ಆಗ ಸ್ಪಾಯ್ಲರ್ ಹಾಕಿದವರು ಡ್ರಿಲ್ ಮಾಡಿ ಬೋಲ್ಟ್ ಬಿಗಿದಿದ್ರು ಅಷ್ಟೇ, ಕೊರೆದ ಅಂಚಿಗೆ ಪ್ರೈಮರ್ ಮುಟ್ಟಿಸಿರಲಿಲ್ಲ. ಇಷ್ಟು ವರ್ಷದ ಮಳೆ ನೀರು ಅಲ್ಲೇ ಕೂತು, ಪೇಂಟ್ ಗುಳ್ಳೆ ಎದ್ದು, ಅಡಿಯಲ್ಲಿ ಕೆಂಪಗೆ ತುಕ್ಕು.

ಮೂರು ಗ್ಯಾರೇಜಿಗೆ ಹೋದೆ. ಒಬ್ಬರು ರಬ್ಬರ್ ಬಿರಡೆ ಹಾಕಿಬಿಡಿ ಅಂದ್ರು. ನೀರೇನೋ ನಿಲ್ಲುತ್ತೆ, ನೋಡೋಕೆ ಶರ್ಟಿಗೆ ಬೇರೆ ಬಣ್ಣದ ಗುಂಡಿ ಹೊಲಿದ ಹಾಗೆ. ಇನ್ನೊಬ್ಬರು ಪುಟ್ಟಿ ತುಂಬಿ, ಉಜ್ಜಿ, ಪೇಂಟ್ ಹೊಡೆದು ಸಂಜೆಗೇ ಕೊಡ್ತೀನಿ ಅಂದ್ರು. ಮೂರನೆಯವರು ವೆಲ್ಡಿಂಗ್ ಅಂದ್ರು, ರೇಟು ಪುಟ್ಟಿಯ ಮೂರು ಪಟ್ಟು.

ಪುಟ್ಟಿ ಯಾಕೆ ಬೇಡ ಅಂದ್ರೆ, ಅದು ಸಣ್ಣ ತಗ್ಗು ಸಮ ಮಾಡೋ ವಸ್ತು. ತೂತಿನಲ್ಲಿ ಅದಕ್ಕೆ ಆಧಾರ ಇಲ್ಲ. ದಿನಾ ಡಿಕ್ಕಿ ದಪ್ ಅಂತ ಮುಚ್ಚಿ ಮುಚ್ಚಿ ಬಿರುಕು ಬಿಡುತ್ತೆ. ಜೊತೆಗೆ ತೇವ ಹೀರುತ್ತೆ, ಹಿಂದಿನಿಂದ ತಗಡು ಮತ್ತೆ ತುಕ್ಕು ಹಿಡಿಯುತ್ತೆ. ಆದ್ರೆ ಹೊಸದರಲ್ಲಿ ಪುಟ್ಟಿ ಕೆಲಸಕ್ಕೂ ವೆಲ್ಡಿಂಗ್ ಕೆಲಸಕ್ಕೂ ಹೊರಗಿಂದ ಒಂಚೂರೂ ವ್ಯತ್ಯಾಸ ಗೊತ್ತಾಗಲ್ಲ.

ನಾನು ಬಿಕಾಂ. ಲೆಕ್ಕ ಹಾಕಿದ್ರೆ ಮಾರೋನಿಗೆ ಪುಟ್ಟಿಯೇ ಲಾಭ. ವೆಲ್ಡಿಂಗ್ ಮಾಡಿಸಿದೀವಿ ಅಂತ ಕಾರಿನ ಬೆಲೆ ಒಂದು ರೂಪಾಯಿನೂ ಜಾಸ್ತಿ ಆಗಲ್ಲ. ಉಳಿಸಿದ ದುಡ್ಡು ನಮ್ಮ ಜೇಬಿಗೆ, ಒಂದೆರಡು ಮಳೆಗಾಲ ಆದ್ಮೇಲೆ ಖರ್ಚು ಆ ಹುಡುಗನ ತಲೆಗೆ. ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನೇ ಹೇಳಿದೆ. "ದಿನಾ ಬೆಳಗ್ಗೆ ಹಾಲು ತರೋಕೆ ಹೋದಾಗ ಅವನು ಸಿಗ್ತಾನಪ್ಪ," ಅಂದ್ರು. ಮೂರನೇ ಗ್ಯಾರೇಜ್ ಅಂತ ಅಲ್ಲಿಗೇ ತೀರ್ಮಾನ.

ಟಿಂಕರಿಂಗ್ ಮಾಡೋರ ಪಕ್ಕ ನಿಂತು ನೋಡಿದೆ. ಮೊದಲು ತೂತಿನ ಸುತ್ತ ಪೇಂಟ್, ತುಕ್ಕು ಎರಡನ್ನೂ ಹೊಳೆಯೋ ಲೋಹ ಕಾಣೋವರೆಗೂ ಉಜ್ಜಿದ್ರು. ಅದೇ ದಪ್ಪದ ತಗಡಿನ ಬಿಲ್ಲೆ ಕತ್ತರಿಸಿ ಕೂರಿಸಿ, ಒಂದೊಂದೇ ಚುಕ್ಕೆ ವೆಲ್ಡಿಂಗ್. ಒಂದು ಚುಕ್ಕೆ ಇಡೋದು, ಆರೋವರೆಗೂ ಕಾಯೋದು. ಆತುರ ಮಾಡಿದ್ರೆ ತೆಳು ತಗಡು ಬಿಸಿಗೆ ಹಪ್ಪಳದ ಹಾಗೆ ಸೊಟ್ಟ ಆಗುತ್ತೆ. ಆಮೇಲೆ ಗ್ರೈಂಡಿಂಗ್, ಒಳಗೂ ಹೊರಗೂ ಪ್ರೈಮರ್, ಮೇಲೆ ತೆಳುವಾಗಿ ಪುಟ್ಟಿ. ಹೌದು, ಪುಟ್ಟಿ ಇಲ್ಲೂ ಬೇಕು, ಅದರ ಅಳತೆಯಲ್ಲಿ. ನೀವು ಮಾಡಿಸೋದಾದ್ರೆ ಪ್ರೈಮರ್ ಹೊಡೆಯೋ ಮುಂಚೆ ಎರಡೂ ಕಡೆ ಫೋಟೋ ಕಳಿಸಿ ಅಂತ ಮೊದಲೇ ಹೇಳಿಡಿ. ನಾವು ಆ ಫೋಟೋನ ಆ ಹುಡುಗನಿಗೂ ಕಳಿಸಿದ್ವಿ.

ತುಕ್ಕು ಬಹಳ ಹರಡಿದ್ರೆ ವೆಲ್ಡಿಂಗ್ ದಂಡ. ಶಿವಾಜಿನಗರದ ಗುಜರಿ ಕಡೆ ಅದೇ ಮಾಡೆಲ್‌ನ ಡಿಕ್ಕಿ ಡೋರ್ ಹುಡುಕೋದು ಮೇಲು.

ಬಣ್ಣದ ವಿಷಯ. ತೂತಿನ ಮೇಲಷ್ಟೇ ಪೇಂಟ್ ಹೊಡೆದ್ರೆ ತೇಪೆ ಎದ್ದು ಕಾಣುತ್ತೆ. ನಮ್ಮದು ಸಿಲ್ವರ್. ಅದರಲ್ಲಿರೋ ಲೋಹದ ಪುಡಿ ಬೇರೆ ಥರ ಕೂತ್ರೆ ಬೆಳಕಿಗೆ ಬಣ್ಣವೇ ಬೇರೆ ಕಾಣುತ್ತೆ. ಕಂಪನಿ ಕಲರ್ ಕೋಡ್ ಕೂಡ ಬಿಸಿಲಿಗೆ ಮಾಸಿದ ಕಾರಿಗೆ ಹೊಂದಲ್ಲ, ಕಣ್ಣಳತೆಯಲ್ಲೇ ಬೆರೆಸಬೇಕು. ಹಾಗಾಗಿ ಡಿಕ್ಕಿ ಡೋರ್ ಪೂರ್ತಿ ಪೇಂಟ್ ಮಾಡಿಸಿ, ಮೇಲೆ ಕ್ಲಿಯರ್ ಕೋಟ್. ಬೂತ್ ಇಲ್ಲದ ಗ್ಯಾರೇಜ್ ಆದ್ರೆ ಮಳೆಗಾಲದಲ್ಲಿ ಕೊಡಲೇಬೇಡಿ.

ಇನ್ನೆರಡು ಸಣ್ಣ ವಿಷಯ. ಸ್ಪಾಯ್ಲರ್‌ನಲ್ಲಿ ಬ್ರೇಕ್ ಲೈಟ್ ಇದ್ರೆ ಅದರ ವೈರ್ ತುದಿಗೆ ಇನ್ಸುಲೇಷನ್ ಸುತ್ತಿಸಿ, ಇಲ್ದಿದ್ರೆ ಶಾರ್ಟ್ ಆಗಿ ಫ್ಯೂಸ್ ಹೋಗುತ್ತೆ. ಮತ್ತೆ, ಭಾರ ಕಮ್ಮಿ ಆಗಿರೋದ್ರಿಂದ ಡಿಕ್ಕಿ ಮೊದಲಿಗಿಂತ ಜೋರಾಗಿ ಮೇಲೇಳಬಹುದು. ಮೊದಮೊದಲು ಗದ್ದ ಸ್ವಲ್ಪ ದೂರ ಇಟ್ಕೊಂಡು ತೆಗೀರಿ.

ಆರ್‌ಸಿ ಟ್ರಾನ್ಸ್‌ಫರ್ ಕಥೆ ಮುಂದಿನ ಎಪಿಸೋಡ್‌ನಲ್ಲಿ. ಸಿಗೋಣ.